ಕಣ್ಣಿನ ಚಿತ್ರಕ್ಕೆ 300 ರೂಪಾಯಿ ನ್ಯಾಯವೇ?

ಗದಗಿನ ಕೂಲಿಕಾರರಿಂದ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಚಿತ್ರ ಸಂಗ್ರಹಿಸುವ ಕೆಲಸಕ್ಕೆ ಕಂಪನಿಯೊಂದರಿಂದ ಕರೆ ಬಂದಿದೆ, ತಲೆಗೆ 300 ರೂಪಾಯಿ ಕೊಟ್ಟರೆ ನ್ಯಾಯವಾದೀತೇ ಎಂದು ಕೇಳಿದ್ದೀರಿ. ಇದೇ ಕೆಲಸವನ್ನು ನಾನು ಬ್ಯಾಡಗಿಯಲ್ಲಿ, ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಣ್ಣುಮಕ್ಕಳ ನಡುವೆ, ಇದೇ ದರಕ್ಕೆ ಮಾಡಿದ್ದೇನೆ.

ನಾನು ಮೊದಲು ದುಡ್ಡಿನ ಮಾತಾಡಿ, ಒಪ್ಪಿಗೆ ಪತ್ರವನ್ನು ಆಮೇಲೆ ಓದಿದೆ. ನನ್ನ ತಪ್ಪು ಅದೇ. ತೂಕದ ಲೆಕ್ಕದಲ್ಲಿ ಕೂಲಿ ಪಡೆಯುವ ಅವರು ಸಾಲಿನಲ್ಲಿ ನಿಂತಷ್ಟು ಹೊತ್ತೂ ದುಡಿಮೆ ಕಳೆದುಕೊಳ್ಳುತ್ತಿದ್ದರು. ಪತ್ರ ಕಿವಿಗೆ ಬೀಳುವ ಹೊತ್ತಿಗೆ, ಬೇಡವೆಂದರೆ ಆ ನಷ್ಟವನ್ನೂ ಹೊತ್ತುಕೊಂಡೇ ಮನೆಗೆ ಹೋಗಬೇಕಾದ ಸ್ಥಿತಿಗೆ ಬಂದಿದ್ದರು. ಹಾಗಾಗಿ ಒಬ್ಬರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಆ ಮೌನವನ್ನು ನಾನು ಸಮ್ಮತಿಯೆಂದು ಬರೆದುಕೊಂಡೆ. ಪತ್ರವನ್ನು ಮೊದಲು ಓದಿ, ಕಾಯಿಸಿದ ಹೊತ್ತಿಗೆ ಕೂಲಿ ಕೊಟ್ಟು, ಆಮೇಲೆ ಕೇಳಿದ್ದರೆ ಕೆಲವರಾದರೂ ಎದ್ದು ಹೋಗುತ್ತಿದ್ದರು.

ಕೆಲವು ದಿನಗಳ ಮೇಲೆ ಒಬ್ಬಾಕೆ ದುಡ್ಡು ಹಿಡಿದುಕೊಂಡು ಬಂದು, ‘ಅಣ್ಣಾರ, ನಿಮ್ಮ ರೊಕ್ಕಾ ತಗೋರಿ, ನಂದು ಅಳಿಸಿಬಿಡ್ರಿ’ ಎಂದರು. ಪಡಿತರಕ್ಕೂ ಬ್ಯಾಂಕಿನ ಹಣಕ್ಕೂ ಒತ್ತುವುದು ಅದೇ ಬೆರಳು; ನಕಲಿ ಬೆರಳಚ್ಚಿನಿಂದ ಬಡವರ ಖಾತೆ ಬರಿದು ಮಾಡಿದ ಪ್ರಕರಣಗಳು ನಮ್ಮ ದೇಶದಲ್ಲಿ ನಡೆದಿರುವುದರಿಂದ ಅವರ ಭಯ ಸುಳ್ಳಾಗಿರಲಿಲ್ಲ. ಮೇಲಿನವರಿಗೆ ಬರೆದೆ. ದತ್ತಾಂಶ ಆಗಲೇ ಬೇರೆಡೆಗೆ ಹೋಗಿದೆ ಎಂಬ ಉತ್ತರ ಬಂತು. ಆ ಓಣಿಯವರ ನಂಬಿಕೆ ಹೋಯಿತು, ನಾನೂ ಕೆಲಸ ಬಿಟ್ಟೆ.

ಆದ್ದರಿಂದ 300 ಸಾಕೇ, 1,000 ಬೇಕೇ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊತ್ತ ಏರಿದಷ್ಟೂ ಇಲ್ಲದವರಿಗೆ ಬೇಡವೆನ್ನುವುದು ಕಷ್ಟವಾಗುತ್ತದೆ. ಕೀನ್ಯಾದಲ್ಲಿ ವರ್ಲ್ಡ್‌ಕಾಯಿನ್ ಎಂಬ ಡಿಜಿಟಲ್ ಹಣದ ಯೋಜನೆಯವರು ಕಣ್ಣಿನ ಸ್ಕ್ಯಾನಿಗೆ ಪ್ರತಿಯಾಗಿ ಕೊಟ್ಟ ಕ್ರಿಪ್ಟೊ ಟೋಕನ್‌ಗಳ ಬೆಲೆ ಸುಮಾರು 7,000 ಶಿಲ್ಲಿಂಗ್ ಇತ್ತು, ನೈರೋಬಿಯಲ್ಲಿ ಜನ ಉದ್ದುದ್ದ ಸಾಲು ನಿಂತರು. 2023ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರ ಅದನ್ನು ತಡೆಯಿತು, 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಸಂಗ್ರಹಿಸಿದ್ದನ್ನು ಅಳಿಸುವಂತೆ ಆದೇಶಿಸಿತು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಮುಕ್ತವಾಗಿರಬೇಕು, ಷರತ್ತಿಲ್ಲದೆ ಇರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎನ್ನುತ್ತದೆ.

ಕೇಳಲು ಬಂದವರೆಲ್ಲರಿಗೂ, ಒಪ್ಪಲಿ ಬಿಡಲಿ, ಅಂದಿನ ಕೂಲಿ ಕೊಡಿಸಿ. ಕನ್ನಡದ ಪತ್ರವನ್ನು ಮನೆಗೆ ಒಯ್ಯಲು ಬಿಟ್ಟು ಮರುದಿನ ಕೇಳಿ. ಅಳಿಸಿ ಎಂದವರದನ್ನು ಎಷ್ಟು ದಿನದೊಳಗೆ, ಯಾರು ಅಳಿಸುತ್ತಾರೆಂದು ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಕೊಡಲೊಲ್ಲದಿದ್ದರೆ ಆ ಕೆಲಸಕ್ಕೆ ಸೇರಬೇಡಿ.