ದಲಾಲಿ ಅಂಗಡಿಯ ಹಳೇ ಸಾಫ್ಟ್‌ವೇರ್ ಜೆಕ್ವೆರಿ ಯುಐ ಮೇಲಿದೆ, ರಿಯಾಕ್ಟ್‌ನಲ್ಲಿ ಹೊಸದಾಗಿ ಬರೆಸಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ದಾವಣಗೆರೆ ಎಪಿಎಂಸಿಯಲ್ಲಿರುವ ಮೆಕ್ಕೆಜೋಳದ ದಲಾಲಿ ಅಂಗಡಿಗೆ 2013ರಲ್ಲಿ ಮಾಡಿಸಿದ ತೂಕದ ಪಟ್ಟಿ ಸಾಫ್ಟ್‌ವೇರ್ ಇದೆ, ಅದರೊಳಗೆ ಜೆಕ್ವೆರಿ 1.8.3 (ವೆಬ್ ಪುಟ ಬರೆಯಲು ಬಳಸುವ ಸಿದ್ಧ ಜಾವಾಸ್ಕ್ರಿಪ್ಟ್ ಕೋಡ್) ಮತ್ತು ಜೆಕ್ವೆರಿ ಯುಐ 1.9.2 (ಅದರ ಮೇಲೆ ಕಟ್ಟಿದ ಸಿದ್ಧ ಪರದೆ ಭಾಗಗಳು, ಅಂದರೆ ವಿಜೆಟ್‌ಗಳು) ಇವೆ. ‘ಯುಐ ಸತ್ತುಹೋಗಿದೆ, ಪೂರ್ತಿ ರಿಯಾಕ್ಟ್‌ಗೆ (ಪರದೆ ಕಟ್ಟುವ ಈಗಿನ ಇನ್ನೊಂದು ಜಾವಾಸ್ಕ್ರಿಪ್ಟ್ ಸಾಧನ) ಬದಲಿಸಿ’ ಎಂದು ಯಾರೋ ಹೇಳಿದ್ದಾರೆ, ಬದಲಿಸಬೇಕಾ?

ನನ್ನ ಉತ್ತರ: ಬೇಡ. ಆದರೆ 1.9.2ರಲ್ಲೇ ಕೂತಿರುವುದೂ ಬೇಡ.

ಯುಐ ಸತ್ತಿಲ್ಲ, ಬೆಳೆಯುವುದು ನಿಂತಿದೆ. 2007ರಲ್ಲಿ ಬಂದದ್ದು ಅದು. 2016ರ 1.12.1 ಆದ ಮೇಲೆ ಐದು ವರ್ಷ ಏನೂ ಬರಲಿಲ್ಲ. 2021ರಲ್ಲಿ 1.13, 2024ರಲ್ಲಿ 1.14 ಬಂದವು. ಇವುಗಳ ಮುಖ್ಯ ಕೆಲಸ ಭದ್ರತೆಯ ದೋಷ ಮುಚ್ಚುವುದು, ಹೊಸ ಜೆಕ್ವೆರಿ ಜೊತೆ ಹೊಂದಿಸುವುದು. ನಿರ್ವಹಣೆ ಮಾತ್ರ ಎಂದು ತಂಡವೇ ಹೇಳಿಕೊಂಡಿದೆ. ಇದೇ ಥರದ ಹಳೇ ಸಾಧನಗಳಲ್ಲಿ ನಿಜಕ್ಕೂ ಮುಗಿದುಹೋದವು ಆಂಗ್ಯುಲರ್‌ಜೆಎಸ್ (2021ರ ಕೊನೆಗೆ) ಮತ್ತು ಜೆಕ್ವೆರಿ ಮೊಬೈಲ್. ನಿಮ್ಮದು ಆ ಸಾಲಿನಲ್ಲಿಲ್ಲ.

ಮೇಲಿನ ಆವೃತ್ತಿಗೆ ಒಂದೇ ನೆಗೆತಕ್ಕೆ ಹೋಗಬೇಡಿ, ಎಲ್ಲಿ ಮುರಿಯಿತು ಅಂತ ಗೊತ್ತೇ ಆಗುವುದಿಲ್ಲ. ಮೊದಲು ಜೆಕ್ವೆರಿಯನ್ನು 1.12.4ಕ್ಕೆ ಏರಿಸಿ, ಅದರ ಹಿಂದೆಯೇ ಜೆಕ್ವೆರಿ ಮೈಗ್ರೇಟ್ 1.4.1 (ಹಳೇ ಕೋಡ್ ಹೊಸ ಜೆಕ್ವೆರಿಯಲ್ಲೂ ಓಡುವಂತೆ ಮಾಡಿ, ತಿದ್ದಬೇಕಾದ್ದನ್ನು ತೋರಿಸುವ ಫೈಲ್) ಸೇರಿಸಿ. ಮೈಗ್ರೇಟ್‌ನ ಕುಗ್ಗಿಸದ ಫೈಲನ್ನೇ ಹಾಕಿ, ಯಾಕೆಂದರೆ ಎಚ್ಚರಿಕೆಗಳನ್ನು ಬ್ರೌಸರ್ ಕನ್ಸೋಲ್‌ನಲ್ಲಿ (F12 ಒತ್ತಿದಾಗ ತೆರೆಯುವ ಸಂದೇಶಗಳ ಕಿಟಕಿ) ತೋರಿಸುವುದು ಅದೇ. ಆ ಕಾಲದ ಕೋಡ್‌ನಲ್ಲಿ ‘ಲೈವ್’ ಮತ್ತು ‘ಬ್ರೌಸರ್’ ಎಂಬ ಹಳೇ ಜೆಕ್ವೆರಿ ಸೌಲಭ್ಯಗಳು ಸಾಮಾನ್ಯವಾಗಿ ಸಿಗುತ್ತವೆ. ಎರಡನ್ನೂ ಜೆಕ್ವೆರಿ 1.9ರಲ್ಲೇ ಕಿತ್ತುಹಾಕಿದ್ದಾರೆ. ‘ಲೈವ್’ ಇದ್ದ ಕಡೆ ‘ಆನ್’ ಬರೆಯಿರಿ. ಕನ್ಸೋಲ್ ಪೂರ್ತಿ ಖಾಲಿಯಾದ ಮೇಲೆ ಯುಐಯನ್ನು 1.13ಕ್ಕೆ ತನ್ನಿ, ಆಮೇಲೆ ಜೆಕ್ವೆರಿ 3.7.1 ಮತ್ತು ಮೈಗ್ರೇಟ್ 3, ಕೊನೆಗೆ ಯುಐ 1.14. ಪ್ರತಿ ಮೆಟ್ಟಿಲಲ್ಲೂ ಒಂದು ಪಟ್ಟಿ ಹಾಕಿ, ಪ್ರಿಂಟ್ ತೆಗೆದು, ಹಳೆಯದರ ಪಕ್ಕ ಇಟ್ಟು ಮೊತ್ತ ತಾಳೆ ನೋಡಿ.

ಯುಐ ಬದಲಿಸುವಾಗ ಮೊದಲು ಕೈಕೊಡುವುದು ರೈತರ ಹೆಸರು ಹುಡುಕುವ ಆಟೋಕಂಪ್ಲೀಟ್ (ಟೈಪ್ ಮಾಡುತ್ತಿದ್ದಂತೆ ಕೆಳಗೆ ಹೆಸರುಗಳ ಪಟ್ಟಿ ತೋರಿಸುವ ವಿಜೆಟ್). ಹಳೇ ಕೋಡ್ ಅದನ್ನು ‘ಡೇಟಾ’ ಮೂಲಕ ‘ಆಟೋಕಂಪ್ಲೀಟ್’ ಎಂಬ ಹೆಸರಿನಿಂದ ಹಿಡಿದು, ಸಾಲಿನ ರೂಪ ಬದಲಿಸಿರುತ್ತದೆ. ಯುಐ 1.10ರಿಂದ ಆ ಹೆಸರಲ್ಲಿ ಏನೂ ಸಿಗುವುದಿಲ್ಲ. ಎರರ್ ಬಂದು ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ, ಅದರ ಕೆಳಗೆ ಬರೆದ ‘ಉಳಿಸಿ’ ಬಟನ್ ಕೂಡ ಅಲ್ಲಾಡುವುದಿಲ್ಲ. ದೋಷವನ್ನು ಬಟನ್‌ನಲ್ಲಿ ಹುಡುಕುತ್ತಾ ಕೂರಬೇಡಿ. ಆಟೋಕಂಪ್ಲೀಟ್‌ನ ‘ಇನ್‌ಸ್ಟನ್ಸ್’ ಮೆಥಡ್ ಬಳಸಿದರೆ ಸರಿಹೋಗುತ್ತದೆ. ಡೈಲಾಗ್‌ನ (ಪರದೆಯ ಮೇಲೆ ಏಳುವ ಪುಟ್ಟ ಕಿಟಕಿ) ಶೀರ್ಷಿಕೆಯಲ್ಲಿ ಎಚ್‌ಟಿಎಂಎಲ್ ಟ್ಯಾಗ್ ಹಾಕಿದ್ದರೆ 1.10ರಿಂದ ಆ ಟ್ಯಾಗೇ ಅಕ್ಷರವಾಗಿ ಕಾಣುತ್ತದೆ.

ದುಡ್ಡಿನ ಲೆಕ್ಕ ಕೆಡಿಸುವ ದೋಷ ಒಂದಿದೆ, ಇದನ್ನು ದಯವಿಟ್ಟು ಲಕ್ಷ್ಯಕೊಟ್ಟು ನೋಡಿ. ಪಟ್ಟಿಯಲ್ಲಿ ‘ಚೀಲದ ತೂಕ ಕಳೆಯಿರಿ’ ಎಂಬ ಟಿಕ್ ಇದೆ ಅಂದುಕೊಳ್ಳಿ. ‘ಹೊಸ ಪಟ್ಟಿ’ ಒತ್ತಿದಾಗ ಹಳೇ ಕೋಡ್ ಆ ಟಿಕ್ಕನ್ನು ‘ರಿಮೂವ್ ಆಟ್ರ್’ ಬಳಸಿ ತೆಗೆಯುತ್ತದೆ. ಜೆಕ್ವೆರಿ 3ರಲ್ಲಿ ಅದು ಅಟ್ರಿಬ್ಯೂಟ್ ಮಾತ್ರ ಅಳಿಸುತ್ತದೆ, ಟಿಕ್ ಹಾಗೇ ಉಳಿಯುತ್ತದೆ. ಮುಂದಿನ ರೈತರ ಪಟ್ಟಿಯಲ್ಲೂ ತೂಕ ಕಡಿತವಾಗುತ್ತದೆ, ಎರರ್ ಮಾತ್ರ ಬರುವುದಿಲ್ಲ. ಮೈಗ್ರೇಟ್ 3 ಇರುವವರೆಗೆ ಅದು ಹಳೇ ನಡವಳಿಕೆಯನ್ನೇ ಉಳಿಸಿಕೊಟ್ಟು ಕನ್ಸೋಲ್‌ನಲ್ಲಿ ಎಚ್ಚರಿಸುತ್ತದೆ. ಮೈಗ್ರೇಟ್ ತೆಗೆದ ದಿನ ಶುರುವಾಗುವ ತೊಂದರೆ ಇದು. ಅಂಥ ಕಡೆಯೆಲ್ಲ ‘ಪ್ರಾಪ್’ ಬಳಸಿ, ಬೆಲೆ ‘ಫಾಲ್ಸ್’ ಕೊಡಿ.

ಇನ್ನು ಯಾವ ವಿಜೆಟ್ ಉಳಿಸಿಕೊಳ್ಳಬೇಕು ಎನ್ನುವುದು. ಹೊಸ ಪರದೆ ಬರೆಯುವಾಗ ಯುಐ ಡೈಲಾಗ್ ಬೇಡ. 2022ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ ಮತ್ತು ಸಫಾರಿಗೂ ಬಂದ ಮೇಲೆ ‘ಡೈಲಾಗ್’ ಟ್ಯಾಗ್ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಇದೆ. ದಿನಾಂಕಕ್ಕೂ ಬ್ರೌಸರ್‌ನದೇ ಸಾಕು, ಆದರೆ ಅದು ಸರ್ವರ್‌ಗೆ ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲಿ ಕಳಿಸುತ್ತದೆ. ನಿಮ್ಮ ಸರ್ವರ್ ಕೋಡ್ ದಿನ-ತಿಂಗಳು-ವರ್ಷ ಅಂತ ಓದುತ್ತಿದ್ದರೆ ಅಲ್ಲಿ ಮೊದಲು ತಿದ್ದಿ.

ಆಟೋಕಂಪ್ಲೀಟನ್ನು ಮಾತ್ರ ನಾನು ಬಿಡುವುದಿಲ್ಲ. ಬ್ರೌಸರ್‌ನದೇ ಸಲಹಾ ಪಟ್ಟಿಯಾದ ‘ಡೇಟಾಲಿಸ್ಟ್’ನಲ್ಲಿ ಹೆಸರಿನ ಜೊತೆ ರೈತರ ಖಾತೆ ಸಂಖ್ಯೆ ಕೈಗೆ ಸಿಗುವುದು ಕಷ್ಟ. ಒಂದೇ ಊರಲ್ಲಿ ನಾಲ್ಕು ಬಸವರಾಜಪ್ಪ ಇರುತ್ತಾರಲ್ಲ. ಕನ್ನಡಕ್ಕೆ ಇನ್ನೂ ಒಂದು ಕಾರಣವಿದೆ: ‘ರಾಜ್‌ಕುಮಾರ್’ ಎಂದು ಬರೆಯುವಾಗ ಒತ್ತಕ್ಷರ ತಡೆಯಲು ಕಣ್ಣಿಗೆ ಕಾಣದ ಒಂದು ಅಕ್ಷರ ನಡುವೆ ಸೇರಿರುತ್ತದೆ. ಅದಿಲ್ಲದೆ ‘ರಾಜ್ಕುಮಾರ್’ ಎಂದು ಟೈಪ್ ಮಾಡಿದರೆ ಹೆಸರು ಸಿಗುವುದೇ ಇಲ್ಲ. ಯುಐಯಲ್ಲಿ ಹೆಸರುಗಳು ಎಲ್ಲಿಂದ ಬರಬೇಕೆಂದು ಹೇಳುವ ‘ಸೋರ್ಸ್’ಗೆ ನೀವೇ ಫಂಕ್ಷನ್ ಬರೆದು, ಹುಡುಕುವ ಪದ ಮತ್ತು ಪಟ್ಟಿಯ ಹೆಸರು ಎರಡರಿಂದಲೂ ಆ ಅಕ್ಷರ ತೆಗೆದು ಹೋಲಿಸಬಹುದು.

ರಿಯಾಕ್ಟ್ ಯಾವಾಗ ಬೇಕು? ತೂಕದ ಕಟ್ಟೆಯ ಹತ್ತಿರ ನಿಂತು ಫೋನಿನಲ್ಲೇ ಲಾಟ್ ಹಾಕುವಂತಾಗಬೇಕು ಎಂದರೆ ಯೋಚಿಸಿ. ಯುಐನ ಎಳೆಯುವ, ಜೋಡಿಸುವ ವಿಜೆಟ್‌ಗಳು ಮೌಸ್‌ಗೆ ಮಾಡಿದವು, ಬೆರಳಿಗೆ ತಾವಾಗಿ ಸ್ಪಂದಿಸುವುದಿಲ್ಲ. ಆಗಲೂ ಆ ಒಂದು ಪರದೆ ಮಾತ್ರ ಹೊಸದಾಗಿ ಬರೆಸಿ.

ಜೆಕ್ವೆರಿ ಫೈಲ್‌ಗಳನ್ನು ಹೊರಗಿನ ಕೊಂಡಿಯಿಂದ ತರಿಸುತ್ತಿದ್ದರೆ ಅಂಗಡಿಯ ಸರ್ವರ್‌ನಲ್ಲೇ ಇಟ್ಟುಕೊಳ್ಳಿ. ಇಷ್ಟೂ ಕೆಲಸ ಆವಕ ತಗ್ಗಿದ ಮೇಲೆ ಇಟ್ಟುಕೊಳ್ಳಿ. ಮೆಕ್ಕೆಜೋಳ ರಾಶಿ ಬೀಳುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಕೋಡ್ ಮುಟ್ಟಬೇಡಿ.