ಹಿರಿಯರ ತರಗತಿಗೆ ಮೇಷ್ಟ್ರು ಹೊರಗಿಂದ ಬರಬೇಕಿಲ್ಲ

ನಿಮ್ಮ ಬಡಾವಣೆಯ ಸಮುದಾಯ ಭವನ ಹಗಲು ಹೊತ್ತು ಖಾಲಿ ಬಿದ್ದಿರುತ್ತದೆ, ಅಲ್ಲಿ ಅರವತ್ತು ದಾಟಿದವರಿಗೆ ಏನಾದರೂ ಕಲಿಯುವ ತರಗತಿ ಶುರು ಮಾಡಬೇಕು ಅಂತ ಕೇಳಿದ್ದೀರಿ. ಏನು ಕಲಿಸೋದು, ಯಾರು ಕಲಿಸೋದು, ಈ ವಯಸ್ಸಲ್ಲಿ ತಲೆಗೆ ಹತ್ತುತ್ತಾ ಅನ್ನೋದು ನಿಮ್ಮ ಪ್ರಶ್ನೆ. ವಿದ್ಯುತ್ ಕಂಪನಿಯಿಂದ ನಿವೃತ್ತರಾದ ನಿಮ್ಮ ಅಪ್ಪನೇ "ನನಗೆ ಇನ್ನೇನು ಕಲಿಯೋದಿದೆ" ಅಂತಾರೆ ಎಂದೂ ಬರೆದಿದ್ದೀರಿ.

ಮೈಸೂರಿನ ಕುವೆಂಪುನಗರದ ಕಡೆ ಇಂಥದೊಂದು ತರಗತಿ ನಡೆಸುವವರಲ್ಲಿ ನಾನೂ ಒಬ್ಬಳು. ಹೈಸ್ಕೂಲಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತಳಾದವಳು. ಯಾರು ಕಲಿಸೋದು ಅನ್ನೋದಕ್ಕೇ ಮೊದಲು ಉತ್ತರ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಕಲಿಯಲು ಬಂದವರೇ ಸರದಿ ಪ್ರಕಾರ ಕಲಿಸಬೇಕು. ಹೊರಗಿಂದ ಯಾರನ್ನೋ ಕರೆಸಿ, ಎದುರಿಗೆ ಹಿರಿಯರನ್ನು ಸಾಲಾಗಿ ಕೂರಿಸಿದರೆ ನಾಲ್ಕು ವಾರ ಬರುತ್ತಾರೆ, ಆಮೇಲೆ ಕುರ್ಚಿ ಖಾಲಿ. ತಾನು ಬರದಿದ್ದರೆ ಇವತ್ತಿನ ಪಾಠ ನಿಲ್ಲುತ್ತದೆ ಅಂತ ಗೊತ್ತಿರುವವರು ಮಳೆ ಬಂದರೂ ಕೊಡೆ ಹಿಡಿದು ಬರುತ್ತಾರೆ.

ಇದನ್ನು ಬ್ರಿಟನ್ನಿನವರು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದಾರೆ. ನಿವೃತ್ತರಿಗಾಗಿ 'ಮೂರನೇ ವಯಸ್ಸಿನ ವಿಶ್ವವಿದ್ಯಾಲಯ' ಮೊದಲು ಶುರುವಾದದ್ದು 1973ರಲ್ಲಿ, ಫ್ರಾನ್ಸಿನ ತುಲೂಸ್‌ನಲ್ಲಿ. ಪಿಯರ್ ವೆಲ್ಲಾ ಅನ್ನುವ ಪ್ರಾಧ್ಯಾಪಕರು ಅದನ್ನು ವಿಶ್ವವಿದ್ಯಾಲಯದ ಆಸರೆಯಲ್ಲಿ ಕಟ್ಟಿದರು. 1980ರ ದಶಕದ ಮೊದಲಲ್ಲಿ ಇದೇ ವಿಚಾರ ಕೇಂಬ್ರಿಡ್ಜ್‌ಗೆ ಬಂದಾಗ ಪೀಟರ್ ಲ್ಯಾಸ್ಲೆಟ್ ಮತ್ತು ಜೊತೆಗಾರರು ಬೇರೆ ದಾರಿ ಹಿಡಿದರು. ಅಲ್ಲಿ ಸದಸ್ಯರೇ ಮೇಷ್ಟ್ರು, ಸದಸ್ಯರೇ ವಿದ್ಯಾರ್ಥಿಗಳು. ಪರೀಕ್ಷೆ ಇಲ್ಲ, ಪದವಿ ಇಲ್ಲ. ನಮಗೂ ಇದು ಹೊಸದೇನಲ್ಲ. 1945ರಲ್ಲಿ ಡಿವಿಜಿಯವರು ಬೆಂಗಳೂರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದ್ದು ದೊಡ್ಡವರು ಒಟ್ಟಿಗೆ ಕೂತು ಓದಿ, ಮಾತಾಡಿ ತಿಳಿಯಲಿ ಅಂತಲೇ ಅಲ್ವಾ?

ಈಗ ತಲೆಗೆ ಹತ್ತುತ್ತಾ ಅನ್ನೋ ಪ್ರಶ್ನೆ. ಹತ್ತುತ್ತದೆ, ನಿಧಾನವಾಗಿ. ಹೊಸ ಹೆಸರು, ಹೊಸ ಅಂಕಿ ನೆನಪಲ್ಲಿ ಕೂರೋದಕ್ಕೆ ಹೊತ್ತು ಹಿಡಿಯುತ್ತದೆ, ಆದರೆ ಪದಸಂಪತ್ತು, ಅನುಭವ, ಹೋಲಿಸಿ ನೋಡುವ ಶಕ್ತಿ ಎಲ್ಲೂ ಹೋಗಿರುವುದಿಲ್ಲ. ಕೇರಳದ ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ, ತಮ್ಮ 96ನೇ ವಯಸ್ಸಲ್ಲಿ, ರಾಜ್ಯದ ಸಾಕ್ಷರತಾ ಪರೀಕ್ಷೆಯಲ್ಲಿ 100ಕ್ಕೆ 98 ತೆಗೆದರು. ಅವರ ವಿಷಯ ಓದಿದ ಮೇಲೆ "ಈ ವಯಸ್ಸಲ್ಲಿ" ಅನ್ನೋ ಮಾತನ್ನೇ ನಮ್ಮ ತರಗತಿಯಲ್ಲಿ ನಿಲ್ಲಿಸಿಬಿಟ್ಟೆವು.

ಕಷ್ಟ ಇರೋದು ತಲೆಯಲ್ಲಲ್ಲ, ಜಾಸ್ತಿ ಕಿವಿಯಲ್ಲಿ ಮತ್ತು ಬೆರಳಲ್ಲಿ. ವಯಸ್ಸಾದಂತೆ ಮೊದಲು ಮಸುಕಾಗುವುದು ತೀಕ್ಷ್ಣ ಸದ್ದುಗಳು. ಸ, ಶ, ತ ಥರದ ವ್ಯಂಜನಗಳು ಜಾರಿಹೋಗುತ್ತವೆ, ಸ್ವರ ಮಾತ್ರ ಕೇಳುತ್ತದೆ. ಅದಕ್ಕೇ ಅವರು "ಜೋರಾಗಿ ಹೇಳು" ಅನ್ನುತ್ತಾರೆ, ಜೋರಾಗಿ ಹೇಳಿದರೆ "ಯಾಕೆ ಕಿರುಚ್ತೀಯ" ಅನ್ನುತ್ತಾರೆ. ಎರಡೂ ನಿಜವೇ. ಮೈಕಿಗೆ ದುಡ್ಡು ಹಾಕುವ ಮೊದಲು ಸದ್ದು ಮಾಡುವ ಫ್ಯಾನ್ ರಿಪೇರಿ ಮಾಡಿಸಿ. ಮಾತಾಡುವವರ ಮುಖದ ಮೇಲೆ ಬೆಳಕು ಬೀಳಲಿ, ತುಟಿ ಕಾಣಬೇಕು. ಕುರ್ಚಿಗಳನ್ನು ದುಂಡಗೆ ಹಾಕಿ. ಕೈ ಇರುವ ಕುರ್ಚಿಯೇ ಬೇಕು, ಏಳುವಾಗ ಊರಿಕೊಳ್ಳಲು. ಶೌಚಾಲಯ ಅದೇ ಮಹಡಿಯಲ್ಲಿ ಇಲ್ಲದಿದ್ದರೆ ಬೇರೆ ಜಾಗ ನೋಡಿ. ಇದರಲ್ಲಿ ರಾಜಿ ಬೇಡ, ಎಷ್ಟೋ ಜನ ಬಾಯಿಬಿಟ್ಟು ಹೇಳದೆ ಸುಮ್ನೆ ಬರೋದು ನಿಲ್ಲಿಸುತ್ತಾರೆ.

ಬೆರಳಿನ ವಿಷಯ ಮೊಬೈಲ್ ತರಗತಿಯಲ್ಲಿ ಗೊತ್ತಾಗುತ್ತದೆ. ಒಣಗಿದ ಬೆರಳ ತುದಿಯನ್ನು ಪರದೆ ಎಷ್ಟೋ ಸಲ ಗುರುತಿಸುವುದೇ ಇಲ್ಲ. ಆಗ ಅವರು ಒತ್ತಿ ಹಿಡಿಯುತ್ತಾರೆ. ಒತ್ತಿ ಹಿಡಿದರೆ ಫೋನು ಅದನ್ನು ಬೇರೆ ಆಜ್ಞೆ ಅಂತ ತಿಳಿದು ಇನ್ನೇನೋ ತೆರೆಯುತ್ತದೆ. "ನಾನೇನೋ ಕೆಡಿಸಿಬಿಟ್ಟೆ" ಅಂತ ಫೋನನ್ನು ಮೇಜಿನ ಮೇಲೆ ಇಟ್ಟು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಕೆಟ್ಟಿರುವುದು ಏನೂ ಇಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಒಳಗೆ ಹೋದರೆ, ಒತ್ತಿ ಹಿಡಿಯುವ ಅವಧಿಯನ್ನು ಜಾಸ್ತಿ ಮಾಡುವ ಆಯ್ಕೆ ಇರುತ್ತದೆ. ಮೊದಲು ಅದನ್ನು ಮಾಡಿ, ಅಕ್ಷರ ದೊಡ್ಡದು ಮಾಡಿ, ಕನ್ನಡದಲ್ಲಿ ಮಾತಾಡಿ ಟೈಪ್ ಮಾಡುವ ಮೈಕ್ ಗುರುತು ತೋರಿಸಿ. ಅರ್ಧ ಭಯ ಅಲ್ಲೇ ಹೋಗುತ್ತದೆ.

ಆಮೇಲೆ ಅವರಿಗೆ ಬೇಕಾದ್ದನ್ನೇ ಕಲಿಸಿ. ಪಿಂಚಣಿದಾರರಿಗೆ ನವೆಂಬರ್ ಬಂದರೆ ಜೀವನ್ ಪ್ರಮಾಣ್, ಅಂದರೆ ಬದುಕಿದ್ದೇವೆ ಅಂತ ತೋರಿಸುವ ಪತ್ರದ ಚಿಂತೆ. ಈ ಡಿಜಿಟಲ್ ಪ್ರಮಾಣಪತ್ರ ಬಂದದ್ದು 2014ರಲ್ಲಿ, ಆದರೆ ಸವೆದ ಬೆರಳಚ್ಚನ್ನು ಯಂತ್ರ ಒಪ್ಪದೆ ಎಷ್ಟೋ ಜನ ಒದ್ದಾಡಿದರು. 2021ರಿಂದ ಮುಖ ತೋರಿಸಿಯೂ ಫೋನಿನಲ್ಲೇ ಮುಗಿಸಬಹುದು. ಅಕ್ಟೋಬರಿನಲ್ಲೇ ಒಂದು ತರಗತಿ ಇದಕ್ಕಿಡಿ. ಇನ್ನೊಂದು ಪಾಠ ಹಣದ ಮೋಸಕ್ಕೆ. ಹಣ ನಮ್ಮ ಖಾತೆಗೆ ಬರೋದಕ್ಕೆ ಯುಪಿಐ ಪಿನ್ ಒತ್ತಬೇಕಿಲ್ಲ, ಹೋಗೋದಕ್ಕೆ ಮಾತ್ರ ಒತ್ತಬೇಕು. ಪೊಲೀಸರ ಸೋಗಿನಲ್ಲಿ ವಿಡಿಯೊ ಕರೆ ಮಾಡಿ ಹೆದರಿಸುವ 'ಡಿಜಿಟಲ್ ಅರೆಸ್ಟ್' ಅನ್ನೋದು ನಮ್ಮ ಕಾನೂನಲ್ಲೇ ಇಲ್ಲ. ಮೋಸ ಆದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಈ ಮೂರನ್ನು ಪ್ರತಿ ವಾರ ಒಬ್ಬೊಬ್ಬರು ಎದ್ದು ಹೇಳುವ ರೂಢಿ ಮಾಡಿ. ಕಲಿತದ್ದನ್ನು ಇನ್ನೊಬ್ಬರಿಗೆ ಹೇಳಿದಾಗಲೇ ಅದು ಗಟ್ಟಿಯಾಗುತ್ತದೆ.

ಆದರೆ ದಯವಿಟ್ಟು ಬರೀ ಮೊಬೈಲ್ ಕಲಿಸಿ ನಿಲ್ಲಿಸಬೇಡಿ. ಮೊಬೈಲ್ ಕಲಿಯೋದು ಅನಿವಾರ್ಯಕ್ಕೆ. ಜನರನ್ನು ಹಿಡಿದಿಡುವುದು ಆಸೆಯಿಂದ ಕಲಿಯುವ ವಿಷಯ. ನಮ್ಮಲ್ಲಿ ಅದು ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆ. ಕಲಿಸಿದವರು ಎಂಬತ್ತು ದಾಟಿದ ಒಬ್ಬ ಅಜ್ಜಿ, ಮನೆಯಲ್ಲಿ ಕೇಳಿ ಕೇಳಿಯೇ ಕಲಿತವರು. ಭಾಮಿನಿ ಷಟ್ಪದಿ ಅನ್ನೋ ಆರು ಸಾಲಿನ ಪದ್ಯದ ಲೆಕ್ಕ ಅವರು ಬೋರ್ಡಿನ ಮೇಲೆ ಬರೆಯಲಿಲ್ಲ. ಮೇಜಿನ ಮೇಲೆ ಬೆರಳು ಬಡಿದರು: ಮೂರು, ನಾಲ್ಕು, ಮೂರು, ನಾಲ್ಕು. ಒಂದು ಸಾಲಿಗೆ 14 ಮಾತ್ರೆ (ಒಂದು ಹ್ರಸ್ವಾಕ್ಷರ ಹೇಳುವಷ್ಟು ಹೊತ್ತು ಒಂದು ಮಾತ್ರೆ). ಎರಡು ಸಾಲು ಹೀಗೇ ಹೋಗಿ ಮೂರನೇ ಸಾಲು ಉದ್ದವಾಗುತ್ತದೆ: ಮೂರು-ನಾಲ್ಕು ಮೂರು ಸಲ, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಒಟ್ಟು 23. ಅಕೌಂಟ್ಸ್ ವಿಭಾಗದಲ್ಲಿ ಜೀವನ ಕಳೆದ ಒಬ್ಬರು ಗಿಣ್ಣು ಎಣಿಸಿಕೊಂಡು ಕೂತಿದ್ದರು. ಮೂರನೇ ಸಾಲು ಸರಿಯಾಗಿ 23ಕ್ಕೆ ಬಂದು ನಿಂತಾಗ ಅವರ ಮುಖ ನೋಡಬೇಕಿತ್ತು! ನಾನು ವರ್ಷಗಟ್ಟಲೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಇದೇ ಪ್ರಸ್ತಾರ ಹಾಕಿಸಿದವಳು. ಪರೀಕ್ಷೆಯ ಹಂಗಿಲ್ಲದೆ ಕಲಿಯುವವರ ಮುಖದಲ್ಲಿ ಬರುವ ಆ ಖುಷಿ ಬೇರೆಯೇ. ಮುಂದಿನ ತಿಂಗಳು ಅದೇ ಅಕೌಂಟ್ಸಿನವರು ಬ್ಯಾಂಕ್ ಪಾಸ್‌ಬುಕ್ ಓದೋದು ಹೇಗೆ ಅಂತ ಹೇಳಿಕೊಟ್ಟರು, ಅಜ್ಜಿ ಮುಂದಿನ ಸಾಲಲ್ಲಿ ಕೂತು ಬರೆದುಕೊಂಡರು.

ಹೆಂಗಸರು ಬರಬೇಕಾದರೆ ಸಮಯ ಅವರನ್ನೇ ಕೇಳಿ ಇಡಿ. ಸಂಜೆ ಐದು ಗಂಟೆ ಗಂಡಸರಿಗೆ ಅನುಕೂಲ. ಅಜ್ಜಿಯರಿಗೆ ಅದು ಮೊಮ್ಮಕ್ಕಳು ಸ್ಕೂಲಿಂದ ಬಂದು ತಿಂಡಿ ಕೇಳುವ ಹೊತ್ತು. ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಫಾಂಗಣೆ ಹಳ್ಳಿಯಲ್ಲಿ 2016ರ ಮಹಿಳಾ ದಿನದಂದು ಅಜ್ಜಿಯರ ಶಾಲೆ ಶುರು ಮಾಡಿದ ಶಿಕ್ಷಕ ಯೋಗೇಂದ್ರ ಬಾಂಗರ್ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಪಾಠ ಇಟ್ಟರು. ಮನೆಗೆಲಸ ಮುಗಿಯುವುದು ಆಗಲೇ. ಅಲ್ಲಿ ಗುಲಾಬಿ ಸೀರೆಯೇ ಯೂನಿಫಾರ್ಮು. ನಿಮ್ಮಲ್ಲಿ ಬೆಳಿಗ್ಗೆ ಹನ್ನೊಂದು ಸರಿ ಬಂದರೂ ಬರಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ ಇರುವುದರಿಂದ ಪಕ್ಕದ ಬಡಾವಣೆಯ ಹೆಂಗಸರನ್ನೂ ಕರೆಯಿರಿ. ಮಗ ಕಾರಲ್ಲಿ ಬಿಡಲಿ ಅಂತ ಕಾಯಬೇಕಿಲ್ಲದವರು ತಪ್ಪಿಸುವುದೇ ಇಲ್ಲ. ಓದು ಬರಹ ಬಾರದವರನ್ನು ದಯವಿಟ್ಟು ಬೇರೆ ಕೋಣೆಗೆ ಕಳಿಸಬೇಡಿ. ಅಕ್ಷರ ಕಲಿಯುವವರಿಗೂ ಕಲಿಸುವ ಸರದಿ ಇರಲಿ. ಯಾವ ಸೊಪ್ಪು ಯಾವ ಕಾಲಕ್ಕೆ, ಬಿತ್ತನೆ ಬೀಜ ಕಾಯ್ದಿಡೋದು ಹೇಗೆ ಅನ್ನೋದನ್ನು ಅವರಷ್ಟು ಚೆನ್ನಾಗಿ ಹೇಳುವವರು ಸಿಗುವುದಿಲ್ಲ.

ದುಡ್ಡಿನ ವಿಷಯ: ಚಹಾದ ಖರ್ಚಿಗೆ ಆಗುವಷ್ಟು ಸಂಗ್ರಹಿಸಿ, ಸಾಕು. ಸಕ್ಕರೆ ಇಲ್ಲದ್ದೂ ಒಂದು ಫ್ಲಾಸ್ಕ್ ಇರಲಿ.

ಇನ್ನು ನಿಮ್ಮ ಅಪ್ಪ. "ಕಲಿಯೋಕೆ ಬಾ" ಅಂತ ಕರೆಯಬೇಡಿ. ಇಷ್ಟು ವರ್ಷ ಕಂಬ, ಟ್ರಾನ್ಸ್‌ಫಾರ್ಮರ್, ಮೀಟರ್ ನೋಡಿಕೊಂಡವರಿಗೆ ಬೆಂಚಲ್ಲಿ ಕೂರು ಅಂದರೆ ಬೇಸರವಾಗೋದು ಸಹಜ. ಒಂದು ಗಂಟೆ ಕರೆಂಟ್ ಬಿಲ್ ಬಗ್ಗೆ ಹೇಳಿಕೊಡಿ ಅಂತ ಕೇಳಿ. 2000 ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಅನ್ನೋದು ಗೀಸರ್ ಹಾಕಿ ಮರೆಯುವ ಎಷ್ಟೋ ಮನೆಯವರಿಗೆ ಗೊತ್ತಿಲ್ಲ. 200 ಯೂನಿಟ್ ಒಳಗಿದ್ದರೂ ಗೃಹಜ್ಯೋತಿಯಲ್ಲಿ ಬಿಲ್ ಯಾಕೆ ಸೊನ್ನೆ ಬರಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. 2022-23ರ ಸರಾಸರಿ ಬಳಕೆಗೆ ಒಂದಿಷ್ಟು ಸೇರಿಸಿ ಮನೆಮನೆಗೆ ಮಿತಿ ಕಟ್ಟಿದ್ದನ್ನು ಬಿಲ್ ಹಿಡಿದು ಬಿಡಿಸಿ ಹೇಳಲು ಅವರಿಗಿಂತ ಒಳ್ಳೆಯವರು ಬೇಕೇ? ಬರುವವರೆಲ್ಲ ತಮ್ಮ ತಮ್ಮ ಮನೆಯ ಬಿಲ್ ತರಲಿ ಅಂತ ಮೊದಲೇ ಹೇಳಿಡಿ. ಪಾಠ ಮುಗಿದ ಮೇಲೆ, ಮುಂದಿನ ವಾರ ಯಾರ ಸರದಿ ಅನ್ನೋದನ್ನು ಅವರ ಎದುರಿಗೇ ತೀರ್ಮಾನ ಮಾಡಿ.