ವರ್ಷಕ್ಕೆ ಮೂರು ಸಲ ಟೈಫಾಯ್ಡ್ ಆಗಲ್ಲ

ಮಳೆಗಾಲ ಶುರುವಾಯಿತು ಅಂದ್ರೆ ನನಗೆ ಬರುವ ಪ್ರಶ್ನೆಗಳಲ್ಲಿ ಜ್ವರದ್ದೇ ಜಾಸ್ತಿ. ಜ್ವರ ಅಂದಮೇಲೆ ಆಂಟಿಬಯಾಟಿಕ್ ಇದ್ದೇ ಇರುತ್ತೆ. ಹೇಳಿದ್ದನ್ನೇ ಹೇಳಿ ಬೇಸರವಾಗಿದೆ, ಆದರೂ ಬರೆಯುತ್ತೇನೆ, ಯಾಕಂದ್ರೆ ಈ ತಪ್ಪಿನ ಪೆಟ್ಟು ತಿನ್ನುತ್ತಿರುವುದು ಮಕ್ಕಳು. ವೈರಸ್ ಅಂದ್ರೇನು, ಬ್ಯಾಕ್ಟೀರಿಯಾ ಅಂದ್ರೇನು ಅಂತ ಇಲ್ಲಿ ವಿವರಿಸಲ್ಲ. ಅದು ಶಾಲೆ ಪುಸ್ತಕದಲ್ಲೇ ಇದೆ. ಆಂಟಿಬಯಾಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ವೈರಸ್‌ಗೆ ಅದು ನಾಟಲ್ಲ, ಇಷ್ಟು ನೆನಪಿಟ್ಟುಕೊಳ್ಳಿ.

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ ಒಂಬತ್ತು ವರ್ಷ. ಈ ವರ್ಷ ಮೂರು ಸಲ ಟೈಫಾಯ್ಡ್ ಆಯ್ತು. ಪ್ರತಿ ಸಲ ಜ್ವರ ಬಂದ ಎರಡನೇ ದಿನಕ್ಕೇ ರಕ್ತ ಪರೀಕ್ಷೆ ಮಾಡಿಸಿದ್ದೇವೆ, ವಿಡಾಲ್ ಪಾಸಿಟಿವ್ ಬಂದಿದೆ. ಸಲೈನ್ ಹಚ್ಚಿ ಐದು ದಿನ ಸೆಫ್ಟ್ರಿಯಾಕ್ಸೋನ್ ಅನ್ನೋ ಆಂಟಿಬಯಾಟಿಕ್ ಸೂಜಿ ಮಾಡಿಸುತ್ತೇವೆ. ಮರುದಿನವೇ ಜ್ವರ ಇಳಿಯುತ್ತೆ. ಎರಡು-ಮೂರು ತಿಂಗಳಿಗೆ ಮತ್ತೆ ಬರುತ್ತೆ. ಇನ್ನೂ ಪವರ್ ಇರೋ ಔಷಧ ಯಾವುದು ಕೊಡಿಸಬೇಕು? (ಒಬ್ಬ ತಾಯಿ, ಗದಗ-ಬೆಟಗೇರಿ)

ಉತ್ತರ: ಪವರ್ ಇರೋ ಔಷಧ ಬೇಡ ತಾಯಿ. ನಿಮ್ಮ ಮಗನಿಗೆ ಮೂರು ಸಲ ಟೈಫಾಯ್ಡ್ ಆಗಿರುವ ಸಾಧ್ಯತೆ ತೀರಾ ಕಡಿಮೆ. ಒಂದು ಸಲವಾದರೂ ಆಗಿತ್ತಾ ಅನ್ನೋದನ್ನ ಆ ರಿಪೋರ್ಟ್ ನೋಡಿ ಯಾರೂ ಹೇಳಕ್ಕಾಗಲ್ಲ.

ವಿಡಾಲ್ 1896ರಲ್ಲಿ ಬಂದ ಪರೀಕ್ಷೆ. ಅದು ರಕ್ತದಲ್ಲಿ ಟೈಫಾಯ್ಡ್ ರೋಗಾಣು ಇದೆಯಾ ಅಂತ ನೋಡಲ್ಲ. ಆ ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಇದೆಯಾ ಅಂತ ಮಾತ್ರ ನೋಡುತ್ತೆ. ಪ್ರತಿಕಾಯ ಏರೋದಕ್ಕೆ ಸುಮಾರು ಒಂದು ವಾರ ಬೇಕು. ಹಾಗಾದರೆ ಎರಡನೇ ದಿನ ಪಾಸಿಟಿವ್ ಬಂತು ಅಂದ್ರೆ ಏನರ್ಥ? ಹೆಚ್ಚಾಗಿ ಅದು ಹಳೆಯದು. ಹಿಂದೆ ಯಾವಾಗಲೋ ಆ ರೋಗಾಣು ಹೊಟ್ಟೆಗೆ ಹೋಗಿರಬಹುದು, ಟೈಫಾಯ್ಡ್ ಲಸಿಕೆ ಹಾಕಿಸಿರಬಹುದು, ಅಥವಾ ಮಲೇರಿಯಾದಂಥ ಬೇರೆ ಜ್ವರದಲ್ಲೂ ಸುಮ್ನೆ ಪಾಸಿಟಿವ್ ತೋರಿಸಬಹುದು. ನಲ್ಲಿ ನೀರು ದಿನಗಟ್ಟಲೆ ಬರದೆ, ಬಂದಾಗ ಬ್ಯಾರಲ್, ಸಿಂಟೆಕ್ಸ್ ತುಂಬಿಟ್ಟುಕೊಂಡು ಅದನ್ನೇ ಕುಡಿಯುವ ನಮ್ಮ ಊರುಗಳಲ್ಲಿ ಆರಾಮಾಗಿ ಓಡಾಡಿಕೊಂಡಿರುವ ಎಷ್ಟೋ ಜನರ ರಕ್ತ ತೆಗೆದರೂ ವಿಡಾಲ್‌ನಲ್ಲಿ 1:80 ಮಟ್ಟದ ಪ್ರತಿಕಾಯ ಸಿಗುತ್ತೆ. ಅವರಿಗೆಲ್ಲ ಸೂಜಿ ಮಾಡೋಣ್ವಾ?

ಇನ್ನೊಂದು ಸುಳಿವು ನಿಮ್ಮ ಪತ್ರದಲ್ಲೇ ಇದೆ. ಮರುದಿನವೇ ಜ್ವರ ಇಳಿಯಿತು ಅಂತ ಬರೆದಿದ್ದೀರಿ. ನಿಜವಾದ ಟೈಫಾಯ್ಡ್ ಜ್ವರ ಸರಿಯಾದ ಔಷಧ ಕೊಟ್ಟರೂ ಸಾಮಾನ್ಯವಾಗಿ ನಾಲ್ಕರಿಂದ ಆರು ದಿನ ಸತಾಯಿಸಿಯೇ ಇಳಿಯುವುದು. ಒಂದೇ ದಿನದಲ್ಲಿ ಇಳಿದಿದ್ದರೆ ಅದು ತಾನಾಗಿಯೇ ಹೋಗಬೇಕಿದ್ದ ವೈರಲ್ ಜ್ವರ ಆಗಿರಬೇಕು, ಇಲ್ಲವೇ ಸಲೈನ್ ಜೊತೆ ಸ್ಟಿರಾಯ್ಡ್ ಸೇರಿಸಿರಬೇಕು. ಸ್ಟಿರಾಯ್ಡ್ ಕೊಟ್ಟರೆ ಎಂಥಾ ಜ್ವರವೂ ಸ್ವಲ್ಪ ಹೊತ್ತು ಅಡಗುತ್ತೆ. "ಕೈಗುಣ ಚೊಲೋ ಐತಿ" ಅಂತ ಹೆಸರು ಮಾಡಿದ ಕೆಲವರ ಗುಟ್ಟು ಇಷ್ಟೇ. ಓದದೆ ಬೋರ್ಡ್ ಹಾಕಿಕೊಂಡು ಕೂತವರ ಬಗ್ಗೆ ನನಗೆ ಸ್ವಲ್ಪವೂ ಕರುಣೆ ಇಲ್ಲ. ಓದಿಯೂ ಇದನ್ನೇ ಮಾಡುವವರ ಬಗ್ಗೆ ಇನ್ನೂ ಇಲ್ಲ.

"ಹೋಗ್ಲಿ ಬಿಡಿ, ಕಡಿಮೆ ಆಯ್ತಲ್ಲ, ಏನು ನಷ್ಟ?" ಅಂತ ಕೇಳ್ತೀರಿ. ನಷ್ಟ ದೊಡ್ಡದಿದೆ. ಟೈಫಾಯ್ಡ್ ಕತೆಯನ್ನೇ ತಗೊಳ್ಳಿ. 1948ರಲ್ಲಿ ಕ್ಲೋರಾಂಫೆನಿಕಾಲ್ ಅನ್ನೋ ಆಂಟಿಬಯಾಟಿಕ್ ಸಿಕ್ಕಿತು, ಸಾಯುತ್ತಿದ್ದವರು ಬದುಕಿದರು. ಸಿಕ್ಕಸಿಕ್ಕವರಿಗೆಲ್ಲ ಕೊಟ್ಟು ಕೊಟ್ಟು 1990ರ ಹೊತ್ತಿಗೆ ನಮ್ಮ ದೇಶದ ಎಷ್ಟೋ ಕಡೆ ಅದು ನಾಟದಂತಾಯಿತು. ಆಮೇಲೆ ಸಿಪ್ರೋಫ್ಲಾಕ್ಸಾಸಿನ್ ಬಂತು. ನೆಗಡಿಗೂ ಸಿಪ್ರೋ, ಬೇಧಿಗೂ ಸಿಪ್ರೋ. ಈಗ ನಮ್ಮಲ್ಲಿ ಸಿಗುವ ಟೈಫಾಯ್ಡ್ ರೋಗಾಣುಗಳಲ್ಲಿ ಬಹುಪಾಲು ಅದಕ್ಕೂ ಜಗ್ಗಲ್ಲ. ಕೈಯಲ್ಲಿ ಉಳಿದಿರುವುದು ಮುಖ್ಯವಾಗಿ ಎರಡು: ಸೆಫ್ಟ್ರಿಯಾಕ್ಸೋನ್ ಗುಂಪು ಮತ್ತು ಅಜಿಥ್ರೋಮೈಸಿನ್. ನಿಮ್ಮ ಮಗನಿಗೆ ಬೇಡದಿದ್ದರೂ ಹದಿನೈದು ದಿನ ಹೋಗಿರುವುದು ಅದರಲ್ಲಿ ಮೊದಲನೆಯದು. ಇದೂ ಕೈಬಿಟ್ಟರೆ ಹೇಗಿರುತ್ತೆ ಅನ್ನೋದನ್ನ ಪಾಕಿಸ್ತಾನದ ಸಿಂಧ್ ಪ್ರಾಂತ್ಯ 2016ರಿಂದ ನೋಡುತ್ತಿದೆ. ಅಲ್ಲಿ ಹಬ್ಬಿದ ಟೈಫಾಯ್ಡ್‌ಗೆ ಸೆಫ್ಟ್ರಿಯಾಕ್ಸೋನ್ ಕೂಡ ನಾಟಲಿಲ್ಲ.

ಆ ರೋಗಾಣು ಇಷ್ಟು ಗಟ್ಟಿಯಾದದ್ದು ಹೇಗೆ ಗೊತ್ತಾ? ಕರುಳಿನಲ್ಲಿ ಇರುವ ಇ-ಕೊಲೈನಂಥ ಬೇರೆ ಬ್ಯಾಕ್ಟೀರಿಯಾದಿಂದ ಔಷಧ ತಡೆಯುವ ಜೀನ್ ಅದಕ್ಕೆ ದಾಟಿತ್ತು. ಬ್ಯಾಕ್ಟೀರಿಯಾಗಳು ಇಂಥ ಜೀನ್‌ಗಳನ್ನು ಅಕ್ಕಪಕ್ಕದ ಮನೆಯವರು ಹೆಪ್ಪು ಕೊಟ್ಟು ತಗೊಂಡ ಹಾಗೆ ಒಂದರಿಂದ ಒಂದಕ್ಕೆ ಕೊಡುತ್ತವೆ. ಹಾಗಾಗಿ ಬೇಡದ ಸೂಜಿ ಮಾಡಿಸಿದಾಗ ಟೈಫಾಯ್ಡ್ ಇಲ್ಲದಿದ್ದರೂ ಕೆಲಸ ನಡೆದೇ ಇರುತ್ತೆ. ಕರುಳಿನಲ್ಲಿರುವ ಬಡಪಾಯಿ ಬ್ಯಾಕ್ಟೀರಿಯಾ ಸಾಯುತ್ತವೆ, ಔಷಧಕ್ಕೆ ಬಗ್ಗದವು ಉಳಿದು ಬೆಳೆಯುತ್ತವೆ. ಅವು ತಿಂಗಳುಗಟ್ಟಲೆ ಇರುತ್ತವೆ, ಮನೆಯ ಬೇರೆಯವರಿಗೂ ಹರಡುತ್ತವೆ. ನಾಳೆ ಅದೇ ಮನೆಯ ಅಜ್ಜಿಗೆ ಉರಿ ಮೂತ್ರ ಆದರೆ ಗುಳಿಗೆಯಲ್ಲಿ ಹೋಗಬೇಕಿದ್ದ ಕಾಯಿಲೆಗೆ ಆಸ್ಪತ್ರೆ ಸೇರಬೇಕಾಗುತ್ತೆ. "ದೇಹಕ್ಕೆ ಔಷಧ ಒಗ್ಗಿಹೋಯ್ತು" ಅಂತ ಜನ ಹೇಳ್ತಾರೆ. ದೇಹ ಒಗ್ಗಲ್ಲ, ಒಗ್ಗುವುದು ರೋಗಾಣು. ಅದಕ್ಕೇ ಜೀವನದಲ್ಲಿ ಒಂದು ಆಂಟಿಬಯಾಟಿಕ್ ನುಂಗದವರಿಗೂ ಇಂಥ ಸೋಂಕು ತಗಲಬಹುದು.

ಒಂದು ಸಮಾಧಾನದ ಸಂಗತಿಯೂ ಇದೆ. ಕ್ಲೋರಾಂಫೆನಿಕಾಲ್ ಬಳಕೆ ಕಡಿಮೆಯಾಗಿ ವರ್ಷಗಳು ಕಳೆದ ಮೇಲೆ ನಮ್ಮ ದೇಶದ ಟೈಫಾಯ್ಡ್ ರೋಗಾಣುಗಳಲ್ಲಿ ಹೆಚ್ಚಿನವು ಮತ್ತೆ ಅದಕ್ಕೆ ಬಗ್ಗುತ್ತಿವೆ. ಕೈ ತಡೆದರೆ ಫಲ ಸಿಗುತ್ತೆ.

ಮುಂದಿನ ಸಲ ಜ್ವರ ಬಂದರೆ ಮೊದಲ ಎರಡು ದಿನ ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್, ಗಂಜಿ, ನೀರು ಕೊಡಿ. ಮಗು ಮಂಕಾದರೆ, ಏದುಸಿರು ಬಿಟ್ಟರೆ, ಮೂತ್ರ ಕಡಿಮೆಯಾದರೆ, ವಾಂತಿ ನಿಲ್ಲದಿದ್ದರೆ, ಎಲ್ಲಾದರೂ ರಕ್ತ ಕಂಡರೆ ಒಂದು ಗಂಟೆಯೂ ಕಾಯಬೇಡಿ. ಹಾಗೇನೂ ಇಲ್ಲದೆ ಜ್ವರ ಮೂರು ದಿನ ದಾಟಿದರೆ ಡಾಕ್ಟರ ಹತ್ತಿರ ಹೋಗಿ "ಟೈಫಾಯ್ಡ್ ಅನುಮಾನ ಇದ್ದರೆ ಬ್ಲಡ್ ಕಲ್ಚರ್ ಮಾಡಿಸಿ" ಅಂತ ಕೇಳಿ. ರಕ್ತದಲ್ಲಿರುವ ರೋಗಾಣುವನ್ನೇ ಬೆಳೆಸಿ ನೋಡುವ ಪರೀಕ್ಷೆ ಅದು. ಆಂಟಿಬಯಾಟಿಕ್‌ನ ಮೊದಲ ಡೋಸ್‌ಗಿಂತ ಮುಂಚೆಯೇ ರಕ್ತ ತೆಗೆಯಬೇಕು, ಇದು ಮುಖ್ಯ. ಕಲ್ಚರ್ ಕೂಡ ನೂರಕ್ಕೆ ನೂರಲ್ಲ. ಹತ್ತು ಟೈಫಾಯ್ಡ್‌ಗಳಲ್ಲಿ ಸುಮಾರು ನಾಲ್ಕು ಅದರಲ್ಲಿ ಸಿಗಲ್ಲ. ಆದರೂ ಸಿಕ್ಕರೆ ಯಾವ ಔಷಧ ನಾಟುತ್ತೆ ಅಂತ ಹೆಸರು ಹಿಡಿದು ಹೇಳುತ್ತೆ. ವಿಡಾಲ್ ಅದನ್ನ ಯಾವತ್ತೂ ಹೇಳಲ್ಲ. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ), ಗದಗಿನ ಜಿಮ್ಸ್‌ನಂಥ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಆಗುತ್ತೆ. ಟೈಫಾಯ್ಡ್‌ಗೆ ಒಳ್ಳೆಯ ಲಸಿಕೆ ಇದೆ, ಆರು ತಿಂಗಳ ಮಗುವಿನಿಂದಲೇ ಹಾಕಿಸಬಹುದು. ಕುಡಿಯುವ ನೀರು ಕುದಿಸಿ. ಅಕ್ವಾ ಗಾರ್ಡ್ ಇದೆ ಅಂತ ಹೇಳಿ ಗಾಡಿ ಮೇಲಿನ ಪಾನಿಪುರಿ ನೀರು ಕುಡಿಸಬೇಡಿ.

ಪ್ರಶ್ನೆ: ಕಫ ಹಸಿರಾಗಿದೆ. ಆಂಟಿಬಯಾಟಿಕ್ ಬೇಕಲ್ವಾ? (ಧಾರವಾಡ)

ಉತ್ತರ: ಬಣ್ಣ ನೋಡಿ ಔಷಧ ಕೊಡಲ್ಲ. ನೆಗಡಿ ಆದಮೇಲೆ ಕೆಮ್ಮು ಎರಡು-ಮೂರು ವಾರ ಇರುವುದು ಮಾಮೂಲು.

ಪ್ರಶ್ನೆ: ದೊಡ್ಡ ಮಗಳಿಗೆ ತಂದ ಆಂಟಿಬಯಾಟಿಕ್ ಸಿರಪ್ ಅರ್ಧ ಉಳಿದಿದೆ. ಸಣ್ಣವಳಿಗೆ ಹಾಕಬಹುದಾ? (ಹುಬ್ಬಳ್ಳಿ)

ಉತ್ತರ: ಬೇಡ.

ಪ್ರಶ್ನೆ: ಜ್ವರ ಇಳಿದ ಮೇಲೂ ಕೋರ್ಸ್ ಮುಗಿಸಲೇಬೇಕಾ? ಈಗ ಹಾಗೇನಿಲ್ಲ ಅಂತ ಓದಿದೆ. (ಲಕ್ಷ್ಮೇಶ್ವರ)

ಉತ್ತರ: ಅರ್ಧ ಓದಿದ್ದೀರಿ. ಕೆಲವು ಸೋಂಕಿಗೆ ಮೊದಲಿನಷ್ಟು ದಿನ ಬೇಡ ಅನ್ನೋದು ನಿಜ, ಸಾಮಾನ್ಯ ನ್ಯುಮೋನಿಯಾಕ್ಕೆ ಈಗ ಐದು ದಿನ ಸಾಕಾಗುವುದುಂಟು. ಆದರೆ ಸ್ಟ್ರೆಪ್ಟೋಕಾಕಸ್ ಗಂಟಲು ಬೇನೆಗೆ ಪೆನ್ಸಿಲಿನ್ ಹತ್ತು ದಿನ ಬೇಕು, ಇಲ್ಲದಿದ್ದರೆ ಹೃದಯದ ಕವಾಟಕ್ಕೆ ಪೆಟ್ಟು ಬೀಳಬಹುದು. ಟಿಬಿಗೆ ಸಾಮಾನ್ಯವಾಗಿ ಆರು ತಿಂಗಳು. ಎಷ್ಟು ದಿನ ಅಂತ ಬರೆದುಕೊಟ್ಟವರನ್ನೇ ಕೇಳಿ, ನೀವೇ ತೀರ್ಮಾನ ಮಾಡಬೇಡಿ.

ಪ್ರಶ್ನೆ: ಮೆಡಿಕಲ್‌ನವರೇ ಕೇಳಿದ ಕೂಡಲೇ ಆಂಟಿಬಯಾಟಿಕ್ ಕೊಡ್ತಾರೆ. ತಪ್ಪು ನಮ್ಮದಾ? (ರಾಣೆಬೆನ್ನೂರು)

ಉತ್ತರ: ಇಬ್ಬರದ್ದೂ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್‌ನಂಥವು 2014ರಿಂದ ಶೆಡ್ಯೂಲ್ ಹೆಚ್1 ಅನ್ನೋ ಸರ್ಕಾರಿ ಔಷಧ ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಕೊಡುವಂತಿಲ್ಲ. ಕೊಟ್ಟರೆ ಡಾಕ್ಟರ್ ಹೆಸರು, ರೋಗಿ ಹೆಸರು ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಸ್ಟ್ರಿಪ್ ಮೇಲೆ ಕೆಂಪು ಗೆರೆ ಕಂಡರೆ ನೀವಾಗಿ ಕೇಳಬೇಡಿ.

ಪ್ರಶ್ನೆ: ಎಮ್ಮೆಗೆ ಕೆಚ್ಚಲು ಬಾವು ಆಗಿ ಇಂಜೆಕ್ಷನ್ ಮಾಡಿಸಿದ್ದೇವೆ. ಹಾಲು ಕಾಯಿಸಿ ಕುಡಿದರೆ ನಡೆಯುತ್ತಾ? (ಬ್ಯಾಡಗಿ ಹತ್ತಿರದ ರೈತರು)

ಉತ್ತರ: ಕೇಳಿದ್ದು ಒಳ್ಳೆಯದಾಯಿತು, ಇದನ್ನ ಕೇಳುವವರು ಕಡಿಮೆ. ಕಾಯಿಸಿದರೆ ಹಾಲಿಗೆ ಇಳಿದ ಆಂಟಿಬಯಾಟಿಕ್ ಪೂರ್ತಿ ಹೋಗಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರೂ ಸರಿಯಾಗಿ ಆಗಲ್ಲ, ಹೆಪ್ಪಿನ ಬ್ಯಾಕ್ಟೀರಿಯಾವನ್ನೂ ಔಷಧ ಕೊಲ್ಲುತ್ತೆ. ಕೊನೆಯ ಡೋಸ್ ಆದಮೇಲೆ ಎಷ್ಟು ದಿನ ಹಾಲು ಬಿಡಬೇಕು ಅಂತ ಔಷಧದ ಡಬ್ಬಿ ಮೇಲೆ ಬರೆದಿರುತ್ತೆ, ಪಶುವೈದ್ಯರೂ ಹೇಳ್ತಾರೆ. ಅಲ್ಲಿವರೆಗೆ ಡೈರಿಗೆ ಹಾಕಬೇಡಿ, ಮನೆಗೂ ಬಳಸಬೇಡಿ, ಕರುವಿಗೂ ಕುಡಿಸಬೇಡಿ.